ಉಪವಾಸ ಬಿದ್ದ ಕಪ್ಪು ಕೋಶಗಳು

ತಾರ್ನಾಕದ ಒಂದು ಪ್ರಯೋಗಶಾಲೆಯಲ್ಲಿ ಕೃಷ್ಣಾಬಾಯಿ ಹನ್ನೊಂದು ವರ್ಷದಿಂದ ಜೀವಕೋಶಗಳಿಗೆ ಉಣಿಸುವ ಕೆಲಸ ಮಾಡುತ್ತಿದ್ದಳು. ಇಲಿಯ ಚರ್ಮದ ಕ್ಯಾನ್ಸರಿನಿಂದ ತೆಗೆದ ಕೋಶಗಳು, ಮೆಲನೋಮ ಅಂತ ಹೆಸರು, ಬಾಟಲಿಯಲ್ಲೇ ವಾಸ. ದಿನಾ ಬೆಳಿಗ್ಗೆ ಕೋಶಗಳು ಮುಳುಗಿರುವ ಹಳೆಯ ಗುಲಾಬಿ ಬಣ್ಣದ ನೀರು ಚೆಲ್ಲಿ, ಕರುವಿನ ರಕ್ತದ ತಿಳಿ ಬೆರೆಸಿದ ಹೊಸ ನೀರು ಹಾಕಬೇಕು. ಬೇರೆಯವರು ಹಾಕಿದರೆ ಬೂಷ್ಟು ಹಿಡಿಯುತ್ತಿತ್ತು, ಈಕೆ ಹಾಕಿದರೆ ಇಲ್ಲ. ರಾಯಚೂರಿನ ಅತ್ತೆಯ ಕೈಕೆಳಗೆ ಮಡಿ ಕಲಿತವಳಿಗೆ ಮುಟ್ಟದೆ, ತಾಗದೆ, ಉಸಿರು ಬೀಳದೆ ಕೆಲಸ ಮಾಡುವುದನ್ನು ವಿಜ್ಞಾನ ಹೇಳಿಕೊಡಬೇಕೇ?

ಕೋಶಗಳು ಶಾಮಲಾಳವು. ಆರು ವರ್ಷದಿಂದ ಪಿಎಚ್.ಡಿ.ಗೆ ಜೀವ ತೇಯುತ್ತಿದ್ದ ಹುಡುಗಿ. ಕೋಶದೊಳಗೆ ಕೈನೇಸ್ ಎಂಬ ಪ್ರೋಟೀನು ‘ಬೆಳೆ, ಬೆಳೆ’ ಎಂದು ತಾಕೀತು ಮಾಡುತ್ತಲೇ ಇರುತ್ತದಂತೆ. ಔಷಧ ಹಾಕಿ ಅದರ ಬಾಯಿ ಮುಚ್ಚಿಸಿದರೆ ಕೋಶಗಳು ಬೆಳೆಯುವುದನ್ನು ಬಿಟ್ಟು ಕಪ್ಪು ಬಣ್ಣ ತಯಾರಿಸುತ್ತಾ ಕೂಡುತ್ತವೆ. ಇಷ್ಟು ತೋರಿಸಿದರೆ ಪದವಿ. ಆದರೆ ಹದಿನೈದು ದಿನಕ್ಕೊಮ್ಮೆ ಔಷಧ ಹಾಕದ ಬಾಟಲಿಗಳೂ ಬೆಳೆಯದೆ ಕಪ್ಪಾಗುತ್ತಿದ್ದವು.

ಮುಖ್ಯಸ್ಥ ಡಾಕ್ಟರ್ ದತ್ತಾತ್ರೇಯರು ಪಂಚಾಂಗ ತರಿಸಿ ನೋಡಿ, ಚಂದ್ರನೇ ಕೈನೇಸನ್ನು ಆಳುತ್ತಾನೆ ಎಂದು ಕಂಡುಹಿಡಿದರು. ಕಿಟಕಿಗೆ ಕರಿ ಪರದೆ ಬಂತು. ಬಾಟಲಿಗಳ ಮುಖ ಪೂರ್ವಕ್ಕೆ ತಿರುಗಿತು.

“ನಿನ್ನ ಪ್ರಬಂಧ ತಡೀಲಿ ಶಾಮಲಾ. ಮೊದಲ ಚಂದ್ರನ್ನ ಮುಗಿಸೋಣು.”

ಜೂನಿನೊಳಗೆ ಪ್ರಬಂಧ ಒಪ್ಪಿಸದಿದ್ದರೆ ವಿಶ್ವವಿದ್ಯಾಲಯ ಅವಳ ಹೆಸರು ಹೊಡೆದುಹಾಕುತ್ತಿತ್ತು. ಅವಳು ಬೇಸಿನ್ನಿನ ಹತ್ತಿರ ನಿಂತು ಅಳುವುದನ್ನು ಕಂಡು ಕೃಷ್ಣಾಬಾಯಿ ಕೈಗವಸು ಕಳಚಿಟ್ಟಳು. ಕೆಲಸ ಹೋದರೂ ಹೋಗಲಿ ಎಂದು ಮುಖ್ಯಸ್ಥರ ಕೋಣೆಗೆ ನಡೆದಳು.

“ಚಂದ್ರ ಅಲ್ರಿ ಸರ್, ನಾನು. ಉಳಿದ ದಿನ ಹೊಟ್ಟೆಪಾಡು, ಏಕಾದಶಿ ದಿವಸ ಕರುವಿನ ರಕ್ತ ಹೆಂಗ ಮುಟ್ಟಲಿ? ಬರೇ ಗುಲಾಬಿ ಬಣ್ಣದ ನೀರು ಹಾಕ್ತೀನಿ. ನಾನೂ ಉಪವಾಸ, ಅವೂ ಉಪವಾಸ.”

ದತ್ತಾತ್ರೇಯರಿಗೆ ಕೂಡಲೇ ಅರ್ಥವಾಯಿತು. ಕೈನೇಸನ್ನು ಎಬ್ಬಿಸುವುದೇ ಆ ತಿಳಿ. ಅದು ಸಿಗದಿದ್ದರೆ ಔಷಧ ಹಾಕಿದ ಹಾಗೆಯೇ. ಆದರೆ ಚಂದ್ರನ ಬಗ್ಗೆ ಅವರ ಭಾಷಣ ದಿಲ್ಲಿಯಲ್ಲಿ ನಿಗದಿಯಾಗಿತ್ತು. ಎದ್ದು ಬಾಗಿಲು ಮುಚ್ಚಿದರು.

“ಯಾರಿಗಾದ್ರೂ ಹೇಳೀರೇನು?”

“ಇಲ್ರಿ.”

“ಹಂಗಾದ್ರ ವ್ರತ ಬಿಡಬ್ಯಾಡ್ರಿ ಬಾಯಿ. ಧರ್ಮ ಭಾಳ ದೊಡ್ಡದು.”

ಹನ್ನೊಂದು ವರ್ಷದಲ್ಲಿ ಆಕೆಯ ವ್ರತಕ್ಕೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಕೃಷ್ಣಾಬಾಯಿಗೆ ಮೈ ಉರಿಯಿತು. ಶಾಮಲಾಳಿಗೆ ಹೇಳಿದರೆ ಹುಡುಗಿ ಗುರುವನ್ನು ಎದುರು ಹಾಕಿಕೊಳ್ಳಬೇಕು, ಅದೂ ಬೇಡ.

ಮುಂದಿನ ಏಕಾದಶಿ ಬೆಳಿಗ್ಗೆ ಆಕೆ ತಿಳಿ ಬೆರೆಸಿ ಒಂದೊಂದು ಬಾಟಲಿಗೂ ಹಾಕಿದಳು. ಹೀಗೆ ಸಾಲಾಗಿ ಮೂರು ಏಕಾದಶಿ. ಔಷಧ ಇಲ್ಲದ ಕೋಶಗಳು ಕೊಬ್ಬಿ ಬೆಳೆದವು, ಔಷಧ ಬಿದ್ದವು ಮಾತ್ರ ಬೆಳೆಯದೆ ಕಪ್ಪಾದವು. ಚಂದ್ರ ದಿಲ್ಲಿಯ ಭಾಷಣ ಬಿಟ್ಟು ತನ್ನ ಪಾಡಿಗೆ ಆಕಾಶಕ್ಕೆ ಮರಳಿದ. ಮೇ ಕೊನೆಗೆ ಶಾಮಲಾ ಪ್ರಬಂಧ ಒಪ್ಪಿಸಿದಳು, ಎಲ್ಲ ಹೇಗೆ ಸರಿಹೋಯಿತೆಂದು ತಿಳಿಯದೆಯೇ.

ಆ ಮೂರೂ ಸಂಜೆ ಕೃಷ್ಣಾಬಾಯಿ ದೇವರ ಕೋಣೆಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ಕೂತು ಹೇಳಿದ್ದು ಇಷ್ಟೇ: “ಸಿಟ್ಟಾಗಬ್ಯಾಡ. ನಿನಗ ಇನ್ನೂ ಭಾಳ ಏಕಾದಶಿ ಅವ. ಆ ಹುಡುಗಿಗೆ ಮೂರೇ ಇದ್ದವು.”