ಮೊಂಡು ಹೋರಿಯ ಮಾರ್ಗದರ್ಶಕ

ಪತ್ರದಲ್ಲಿ ನನ್ನನ್ನು ‘ತಜ್ಞರು’ ಎಂದು ಕರೆದಿದ್ದರು. ನಿವೃತ್ತನಾಗಿ ಆರು ವರ್ಷ ಕಳೆದ ವಿಜ್ಞಾನದ ಮೇಷ್ಟ್ರಿಗೆ ಅಷ್ಟು ಸಾಕು. ಕೈಕಸುಬಿನವರಿಗೆ ಕುಶಲಕರ್ಮಿ ಗುರುತಿನ ಚೀಟಿ ಕೊಡಲು ಕಡೂರಿನಲ್ಲಿ ಸಂದರ್ಶನ ಇಟ್ಟುಕೊಂಡಿದ್ದಾರಂತೆ, ಆಟಿಕೆ ಮಾಡುವವರು ತಂದದ್ದನ್ನು ನೋಡಿ ಅಭಿಪ್ರಾಯ ಹೇಳಲು ನಾನು ಬರಬೇಕಂತೆ. ಅಜ್ಜಂಪುರದಿಂದ ಹೊರಡುವ ದಿನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದೆ. “ಮದುವೆ ಗಂಡಿನ ಹಾಗೆ ಹೊರಟಿದ್ದೀರಲ್ಲ” ಎಂದು ಹೆಂಡತಿ ಕಿಚಾಯಿಸಿದಳು. ನನಗೆ ಅದೂ ಹಿತವಾಗಿಯೇ ಕೇಳಿಸಿತು.

ಬೆಳಿಗ್ಗೆಯೆಲ್ಲ ಬುಟ್ಟಿ ಹೆಣೆಯುವವರು, ಮರಗೆಲಸದವರು ಬಂದು ಹೋದರು. ಆಟಿಕೆಯವರು ಮೂರೇ ಜನ. ಮೂರನೆಯವನಾಗಿ ಒಳಗೆ ಬಂದ ಮುದುಕನನ್ನು ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆತ ಬಟ್ಟೆಯ ಚೀಲದಿಂದ ತೆಂಗಿನ ಚಿಪ್ಪಿನ ಹೋರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹೊಟ್ಟೆಯ ಕೆಳಗಿಂದ ಮುಂದಕ್ಕೆ ಬಂದ ಒಂದು ದಾರ, ಮರದ ಎರಡು ಗಾಲಿ, ಬಾಗಿದ ಉದ್ದನೆಯ ಕೊಂಬು. ಇಪ್ಪತ್ತು ವರ್ಷಗಳ ಮೇಲೂ ಅದನ್ನು ಗುರುತಿಸಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಅಧಿಕಾರಿ ಚಿಕ್ಕ ವಯಸ್ಸಿನವರು, ಉತ್ಸಾಹದವರು. ನಿಂತುಕೊಂಡು ದಾರವನ್ನು ಮೇಲಕ್ಕೆ ಎಳೆದರು. ಹೋರಿ ಅವರ ಕಡೆ ಬರುವ ಬದಲು ಹಿಂದಕ್ಕೆ ಹೋಯಿತು. ಇನ್ನಷ್ಟು ಎಳೆದರು, ಇನ್ನಷ್ಟು ಹಿಂದೆ ಹೋಯಿತು. ಅವರು ಮಗುವಿನಂತೆ ನಕ್ಕುಬಿಟ್ಟರು. ಆಮೇಲೆ ಏನೋ ನೆನಪಾಗಿ, ಎದುರಿಗಿದ್ದ ಫೈಲಿನ ಕೆಳಗಿಂದ ವಿಜ್ಞಾನ ವಸ್ತುಪ್ರದರ್ಶನದ ಒಂದು ಹಳೆಯ ಪುಸ್ತಿಕೆ ಎಳೆದು ಹಾಳೆ ತಿರುವಿದರು. ನಗು ನಿಂತಿತು. ಆ ಪುಸ್ತಿಕೆಯನ್ನು ಅವರು ತರಿಸಿದ್ದು ಸಭೆಗೆ ನನ್ನ ಪರಿಚಯ ಮಾಡಿಕೊಡುವುದಕ್ಕಾಗಿ. ಅದರಲ್ಲಿ ನನ್ನ ಹೆಸರಿದೆ ಎಂದು ಫೋನಿನಲ್ಲಿ ಹೇಳಿದವನೂ ನಾನೇ.

“ಏನಜ್ಜ, ಇದು ನಮ್ಮ ಮೇಷ್ಟ್ರ ಶಾಲೆ ಹುಡುಗಿ ಮಾಡಿದ್ದಲ್ವಾ? ಇಲ್ಲಿ ಫೋಟೋನೇ ಇದೆ.”

ಆತ ಫೋಟೋ ನೋಡಿದ. ಅದರ ಕೆಳಗಿನ ಎರಡು ಸಾಲನ್ನು ನಿಧಾನವಾಗಿ ಓದಿದ. ನನ್ನ ಮುಖ ನೋಡಿದ.

“ಹೌದು ಸಾಮಿ. ಇದು ಆ ಮಗೂನೇ ಮಾಡಿದ್ದು.”

“ಮತ್ತೆ ಅರ್ಜೀಲಿ ಸ್ವಂತ ರಚನೆ ಅಂತ ಬರ್ದಿದ್ದೀರಲ್ಲ?”

ಆತ ಮತ್ತೆ ನನ್ನ ಮುಖ ನೋಡಿದ. ಅಧಿಕಾರಿ ನನ್ನ ಕಡೆ ತಿರುಗಿ, “ನೀವೇನಂತೀರಿ ಸಾರ್?” ಎಂದರು. ಮೂವತ್ತು ವರ್ಷ ಪಾಠ ಮಾಡಿದ ಬಾಯಿಂದ ಬಂದದ್ದು ಎರಡೇ ಪದ: “ಹೋಲಿಕೆ ಇದೆ.” ಅವರು ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ‘ನಕಲು’ ಎಂದು ಬರೆದರು. ಆಕ್ಷೇಪಣೆ ಇದ್ದರೆ ಮುಂದಿನ ಸೋಮವಾರದೊಳಗೆ ಬರೆದುಕೊಡಿ ಎಂದರು.

ಆತ ಹೋರಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ದುಡ್ಡು ಕಾಸು ಕೇಳಕ್ಕೆ ಬಂದಿರ್ಲಿಲ್ಲ ಸಾಮಿ. ರೇಷನ್ ಕಾರ್ಡಲ್ಲಿ ಕೂಲಿ, ಆಸ್ಪತ್ರೆ ಚೀಟೀಲಿ ಕೂಲಿ, ಎಲ್ಲಾ ಕಡೆ ಕೂಲಿ ಅಂತ ಬರ್ದವ್ರೆ. ಒಂದು ಕಡೆ ಆಟಿಕೆ ಮಾಡೋನು ಅಂತ ಬರ್ಕೊಟ್ಟಿದ್ರೆ ಸಾಕಾಗಿತ್ತು” ಎಂದ. ನನಗೂ ಸೇರಿಸಿ ಕೈಮುಗಿದು ಹೋದ.

ನಾನು ಬಸ್ಸು ಹತ್ತಿ ಊರಿಗೆ ಬಂದೆ. ಹಾದಿಯಲ್ಲಿ ಏನು ಕಂಡೆನೋ ಗೊತ್ತಿಲ್ಲ. ನನ್ನನ್ನು ಉಳಿಸಲು ಆತ ಸುಳ್ಳು ಹೇಳಿದ, ನಾನು ಹೇಳಲು ಬಿಟ್ಟೆ, ಇದೊಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

ಹಿಂದಿನದನ್ನು ಹೇಳಿಬಿಡುತ್ತೇನೆ. ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬಂತೆಂದರೆ ಆಗ ನಮ್ಮ ಮೇಷ್ಟ್ರುಗಳಿಗೆಲ್ಲ ಜ್ವರ ಬರುತ್ತಿತ್ತು. ಮಾದರಿಯನ್ನು ಮಕ್ಕಳೇ ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಮಕ್ಕಳು ಮಾಡುವುದಿಲ್ಲ ಎಂಬುದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಅಪ್ಪನೋ ಮಾವನೋ ಬಡಗಿಯೋ ರೇಡಿಯೋ ರಿಪೇರಿಯವನೋ ಮಾಡಿಕೊಡುತ್ತಾನೆ, ಮಗು ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತದೆ. ತೀರ್ಪುಗಾರರೂ ಮೇಷ್ಟ್ರುಗಳೇ ಆದ್ದರಿಂದ ಯಾರೂ ಯಾರನ್ನೂ ಕೆದಕುವುದಿಲ್ಲ. ನಾನಂತೂ ಸತತ ನಾಲ್ಕು ವರ್ಷ ಅಡಿಗೆ ಸೋಡಾದ ಜ್ವಾಲಾಮುಖಿ ಉಕ್ಕಿಸಿ ನಾಲ್ಕು ವರ್ಷವೂ ಬರಿಗೈಯಲ್ಲಿ ವಾಪಸಾಗಿದ್ದೆ.

ಐದನೆಯ ವರ್ಷ ನಮ್ಮ ಮನೆಯ ಗೃಹಪ್ರವೇಶಕ್ಕೆ ತೆಂಗಿನಕಾಯಿ ತರಲು ಕಡೂರಿನ ಮಂಡಿಗೆ ಹೋದೆ. ಅಲ್ಲಿ ಕಾಯಿ ಸುಲಿಯುವ ಆಳೊಬ್ಬ ಊಟದ ಹೊತ್ತಿನಲ್ಲಿ ಸಿಪ್ಪೆಯ ರಾಶಿಗೆ ಒರಗಿ ಕೂತಿದ್ದ. ಹಮಾಲರ ಮಕ್ಕಳು ಸುತ್ತ ಸೇರಿಕೊಂಡು ಕಿರುಚಾಡುತ್ತಿದ್ದವು. ನೋಡಿದರೆ ಒಂದು ಚಿಪ್ಪಿನ ಹೋರಿ. ಮಗು ನಿಂತು ಎಳೆದರೆ ಹಿಂದಕ್ಕೆ ಓಡುತ್ತದೆ. ಕುಕ್ಕರಗಾಲಲ್ಲಿ ಕೂತು, ಕೈಯನ್ನು ನೆಲದ ಹತ್ತಿರ ಹಿಡಿದು, ಮೆಲ್ಲಗೆ ಎಳೆದರೆ ಸುಮ್ಮನೆ ಹತ್ತಿರ ಬರುತ್ತದೆ. ಹೊಟ್ಟೆಯೊಳಗೆ ಗಾಲಿಯ ಅಚ್ಚಿಗೆ ದಾರ ಕೆಳಗಡೆಯಿಂದ ಸುತ್ತಿತ್ತು, ಅಷ್ಟೇ. ಎಳೆಯುವ ಕೋನ ಬದಲಾದರೆ ಗಾಲಿ ತಿರುಗುವ ದಿಕ್ಕು ಬದಲಾಗುತ್ತದೆ. ಈ ಲೆಕ್ಕವನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಅದರೊಳಗೆ ಒಂದು ಹೋರಿ ಇದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ನಿಂತಲ್ಲೇ ದಂಗಾದೆ.

“ಯಾರು ಹೇಳ್ಕೊಟ್ಟಿದ್ದಪ್ಪಾ ಇದನ್ನ?” ಎಂದೆ. ನನಗಿಂತ ಐದಾರು ವರ್ಷಕ್ಕೆ ಹಿರಿಯ, ಆದರೂ ನನ್ನ ಬಾಯಲ್ಲಿ ಬಂದದ್ದು ಹಾಗೆಯೇ.

“ಯಾರು ಹೇಳ್ಕೊಡ್ತಾರೆ ಮೇಷ್ಟ್ರೇ? ನಾನು ದನ ಮೇಯೋ ಎಮ್ಮೆದೊಡ್ಡಿ ಕಾವಲ್ ಪಕ್ಕದಲ್ಲಿ ಬೆಳೆದೋನು. ಆ ಅಮೃತಮಹಲ್ ದನ ಹಗ್ಗ ಹಾಕಿ ಎಳೆದ್ರೆ ಹಿಂದಕ್ಕೇ ಜಗ್ತವೆ. ಬಗ್ಗಿ ಮೆತ್ತಗೆ ಕರೆದ್ರೆ ಬತ್ತವೆ. ಅದನ್ನ ಹೆಂಗ್ ಮಾಡೋದು ಅಂತ ಎರಡು ವರ್ಷ ತಲೆ ಕೆಡಿಸ್ಕೊಂಡೆ. ಒಂದಿನ ಹೊಳೀತು. ಮೊಂಡು ಹೋರಿ ಅಂತ ಹೆಸ್ರಿಟ್ಟೆ.”

ಗೋಣಿಚೀಲದಲ್ಲಿ ಇನ್ನೂ ಇದ್ದವು. ಬೆನ್ನಿನ ಗುಳಿಗೆ ನೀರು ಹಾಕಿದರೆ ತಲೆ ಹೊರಗೆ ಚಾಚುವ ಆಮೆ, ಇಳಿಜಾರಿನಲ್ಲಿ ಬಿಟ್ಟರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ತಿರುಗಿ ನೋಡುವ ಮುದುಕಿ. ಮಾರುತ್ತಿರಲಿಲ್ಲ. ಕೇಳಿದ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದ. ಅವು ಮುರಿದ ಮೇಲೆ ಇನ್ನೊಂದು ಮಾಡುತ್ತಿದ್ದ. ಮಂಡಿಯ ಯಜಮಾನರಿಗೆ ಇದೊಂದು ತಮಾಷೆ, ಕಾಯಿ ಸುಲಿಯುವುದರಲ್ಲಿ ಚುರುಕಾಗಿದ್ದಾನೆ ಎಂಬುದಷ್ಟೇ ಅವರಿಗೆ ಮುಖ್ಯ.

ನಮ್ಮ ಶಾಲೆಗೆ ಒಂದು ಮಾಡಿಕೊಡು ಎಂದು ಗಂಟುಬಿದ್ದೆ. ಪ್ರದರ್ಶನದಲ್ಲಿ ಅದನ್ನು ಹಿಡಿದು ನಿಲ್ಲುವವರು ಯಾರು ಎಂದು ಆತ ಕೇಳಿದ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎಂದೆ. “ಹಂಗಾದ್ರೆ ಭಾನುವಾರ ಆ ಮಗೂನೇ ಕಳಿಸಿ” ಎಂದ. ಹುಡುಗಿ ತಾಯಿಯ ಜೊತೆ ಅಜ್ಜಂಪುರದಿಂದ ರೈಲಿನಲ್ಲಿ ಹೋಗಿ ಬಂದಳು, ಬರಿಗೈಯಲ್ಲಿ. “ಒಂದು ಸಾಮಾನು ಇಸ್ಕೊಂಡು ಬರಕ್ಕೆ ಆಗಲ್ವೇನೇ?” ಎಂದು ಕ್ಲಾಸಿನಲ್ಲೇ ರೇಗಿದೆ. ತಲೆ ತಗ್ಗಿಸಿ ನಿಂತಿದ್ದಳು. ಮುಂದಿನ ಭಾನುವಾರ ತಂದಳು.

ತರೀಕೆರೆಯಲ್ಲಿ ತಾಲ್ಲೂಕಿಗೆ ಮೊದಲ ಬಹುಮಾನ. ಆಮೇಲೆ ಜಿಲ್ಲೆಗೂ ಮೊದಲು. ಆ ವರ್ಷದ ಪುಸ್ತಿಕೆಯಲ್ಲಿ ಹೋರಿಯ ಚಿತ್ರ ಹಾಕಿ ಕೆಳಗೆ ಎರಡು ಸಾಲು ಅಚ್ಚು ಹಾಕಿದರು: ತಯಾರಿಸಿದವರು ಎಂದು ಹುಡುಗಿಯ ಹೆಸರು, ಮಾರ್ಗದರ್ಶಕರು ಎಂದು ನನ್ನದು. ನನಗೆ ಶಾಲು ಹೊದಿಸಿದರು, ಮುಂದೆ ಉತ್ತಮ ಶಿಕ್ಷಕ ಎಂದೂ ಕರೆದರು. ನಿವೃತ್ತಿಯ ದಿನದ ಭಾಷಣಗಳಲ್ಲಿ ಆ ಹೋರಿ ನಾಲ್ಕು ಸಲ ಬಂತು. ನಾನು ಮಾತ್ರ ಮಂಡಿಯ ಕಡೆ ಮತ್ತೆ ಹೋಗಲಿಲ್ಲ. ನಾಚಿಕೆಯಾಗಿ ಹೋಗದೆ ಉಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆತನ ನೆನಪೇ ಬರಲಿಲ್ಲ.

ಸಂದರ್ಶನದ ಮರುದಿನ ಆ ಹುಡುಗಿಯ ನಂಬರು ಹುಡುಕಿ ಫೋನ್ ಮಾಡಿದೆ. ಈಗವಳು ಡಿಪ್ಲೊಮಾ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಪಾಠ ಹೇಳುತ್ತಾಳೆ. ವಿಷಯ ತಿಳಿಸಿ, “ಆ ಹೋರಿ ನೀನು ಮಾಡಿದ್ದಲ್ಲ ಅಂತ ಒಂದು ಕಾಗದ ಬರ್ಕೊಡಮ್ಮ. ತಪ್ಪೆಲ್ಲ ನಂದು ಅಂತ ನಾನೂ ಬರೀತೀನಿ” ಎಂದೆ.

“ನಾನೇ ಮಾಡಿದ್ದು ಸಾರ್” ಎಂದಳು.

“ಹಾಗಂತ ಹೇಳ್ಕೊಂಡು ಬಂದ್ವಿ, ಗೊತ್ತು. ಈಗಲಾದ್ರೂ ನಿಜ ಹೇಳೋಣ.”

“ನಿಜಾನೇ ಹೇಳ್ತಿದ್ದೀನಿ ಸಾರ್. ಬೇಕಾದ್ರೆ ಅವರನ್ನೇ ಕೇಳಿ.”

ನನಗೆ ಸಿಟ್ಟು ಬಂತು. ಮಾತು ಮುಗಿಸಲು ಬಿಡದೆ ಫೋನ್ ಇಟ್ಟೆ. ನಾನು ಬಾಯಿಪಾಠ ಮಾಡಿಸಿದ ಸುಳ್ಳು ಈ ಹುಡುಗಿಗೆ ನಿಜವೇ ಆಗಿಹೋಗಿದೆ, ಅದರ ಮೇಲೆಯೇ ಬದುಕು ಕಟ್ಟಿಕೊಂಡಿದ್ದಾಳೆ ಎಂದುಕೊಂಡೆ. ಒಂದು ಪ್ರದರ್ಶನಕ್ಕೆಂದು ಆಡಿದ ಆಟ ಒಬ್ಬ ಮುದುಕನ ಕೆಲಸವನ್ನೂ ಕಸಿದು, ಒಂದು ಮಗುವಿನ ಬುದ್ಧಿಯನ್ನೂ ಕೆಡಿಸಿತಲ್ಲ ಎಂದು ಆ ದಿನ ಅನ್ನ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಡೂರಿಗೆ ಹೋಗಿ ವಿಚಾರಿಸಿಕೊಂಡು ಆತನ ಮನೆ ಮುಟ್ಟಿದೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಕಿಟಕಿಯ ಕಟ್ಟೆಯುದ್ದಕ್ಕೂ ಚಿಪ್ಪಿನ ಪ್ರಾಣಿಗಳು. ಸೊಸೆ ಟೀ ಕೊಟ್ಟಳು. ನಾನು ಬಂದ ಕೂಡಲೇ ತಪ್ಪಾಯಿತು ಎಂದೆ, ಹುಡುಗಿ ಹೀಗೆ ಹೇಳುತ್ತಿದ್ದಾಳೆ ಎಂದೂ ದೂರಿದೆ.

“ಅವ್ಳು ಸುಳ್ಳು ಹೇಳ್ತಿಲ್ಲ ಮೇಷ್ಟ್ರೇ” ಎಂದ ಆತ. “ಅದನ್ನ ಅವ್ಳೇ ಮಾಡಿದ್ದು. ಮೊದಲ್ನೇ ಭಾನುವಾರ ಎರಡು ಚಿಪ್ಪು ಒಡೆದುಹಾಕಿ ಅತ್ತುಬಿಟ್ಳು. ಮುಂದಿನ ವಾರ ಬಾ ಅಂದೆ. ಬಂದು ಹೊತ್ತು ಮುಳುಗೋವರೆಗೂ ಕೂತು ಮಾಡಿದ್ಳು. ಅಚ್ಚು ಕೂರಿಸೋದು, ದಾರ ಸುತ್ತೋದು ಎಲ್ಲಾ. ನಾನು ಪಕ್ಕದಲ್ಲಿ ಕೂತು ಹೇಳ್ಕೊಟ್ಟೆ, ಕೈ ಮುಟ್ಟಿಸ್ಲಿಲ್ಲ.”

ನಾನು ಟೀ ಲೋಟ ಕೆಳಗಿಟ್ಟೆ. “ಮಾಡಿಕೊಡು ಅಂತ ಕೇಳಿದ್ದು ನಿನ್ನನ್ನಲ್ವಾ?”

“ನಾನ್ ಮಾಡಿಕೊಟ್ಟಿದ್ರೆ ಆ ಮಗು ನಾಲ್ಕು ಜನದ ಮುಂದೆ ನಿಂತ್ಕೊಂಡು ಸುಳ್ಳು ಹೇಳ್ಬೇಕಾಗ್ತಿತ್ತು ಕಣ್ರೀ. ಚಿಕ್ಕ ವಯಸ್ಸು. ಅದಕ್ಕೇ ಅವ್ಳ ಕೈಲೇ ಮಾಡಿಸ್ದೆ.”

ಮೂವತ್ತು ವರ್ಷ ನಾನು ಮೇಷ್ಟ್ರಾಗಿದ್ದೆ. ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುತ್ತಿದ್ದೇನೆ ಎಂಬ ಯೋಚನೆ ನನಗೆ ಬಂದಿರಲಿಲ್ಲ, ಕಾಯಿ ಸುಲಿಯುವ ಈ ಮನುಷ್ಯನಿಗೆ ಕೇಳಿದ ಕೂಡಲೇ ಬಂದಿತ್ತು. ನಾನು ಮೊದಲ ಸಲ ಬಹುವಚನದಲ್ಲಿ ಕೇಳಿದೆ: “ಹಾಗಾದ್ರೆ ಅವತ್ತು ಕಚೇರೀಲಿ, ಇದು ನಾನು ಯೋಚಿಸಿದ್ದು, ಅವಳಿಗೆ ನಾನೇ ಕಲಿಸಿದ್ದು ಅಂತ ಯಾಕೆ ಹೇಳ್ಲಿಲ್ಲ ನೀವು?”

“ಮಾಡಿದೋರು ಯಾರು ಅಂತ ಕೇಳಿದ್ರು, ಹೇಳ್ದೆ. ಕಲಿಸ್ದೋರು ಅಂತ ಅದ್ರಲ್ಲಿ ನಿಮ್ಮ ಹೆಸ್ರಿತ್ತು. ನೀವು ಅಲ್ಲೇ ಕೂತಿದ್ರಲ್ಲ ಮೇಷ್ಟ್ರೇ, ನೀವೇ ಹೇಳ್ತೀರೇನೋ ಅಂತ ಕಾದೆ.”

ಅವರು ಅದನ್ನು ಆಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ನನ್ನನ್ನು ಉಳಿಸಲು ಸುಳ್ಳು ಹೇಳಿದರು ಎಂದು ನಾನು ನಾಲ್ಕು ದಿನ ಕರಗಿದ್ದೆನಲ್ಲ, ಅವರು ಸುಳ್ಳೇ ಹೇಳಿರಲಿಲ್ಲ. ಹುಡುಗಿಯೂ ಹೇಳಿರಲಿಲ್ಲ. ಪುಸ್ತಿಕೆಯ ಆ ಎರಡು ಸಾಲಿನಲ್ಲಿ ಮೊದಲನೆಯದು ಅಪ್ಪಟ ನಿಜ, ಎರಡನೆಯದು ನನ್ನ ಹೆಸರು.

ಹುಡುಗಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. “ಕಲಿಸಿದವರು ಯಾರು ಅಂತ ನೀವು ಯಾವತ್ತೂ ಕೇಳ್ಲಿಲ್ಲ ಸಾರ್” ಎಂದಳು. ಸಂಜೆಯೊಳಗೆ ಒಂದು ಪುಟದ ಕಾಗದ ಬರೆದು ಮೊಬೈಲಿಗೆ ಕಳಿಸಿದಳು. ಸೋಮವಾರ ಅದರ ಪ್ರಿಂಟು, ನಾನು ಬರೆದ ಎರಡು ಹಾಳೆ ಹಿಡಿದು, ಅವರನ್ನೂ ಕರೆದುಕೊಂಡು ಕಚೇರಿಗೆ ಹೋದೆ.

ಅಧಿಕಾರಿ ಎಲ್ಲವನ್ನೂ ಎರಡೆರಡು ಸಲ ಓದಿದರು. ರಬ್ಬರಿನಿಂದ ‘ನಕಲು’ ಎಂಬುದನ್ನು ಉಜ್ಜಿ ತೆಗೆದರು. “ಕಾರ್ಡಿಗೆ ಶಿಫಾರಸು ಮಾಡ್ತೀನಜ್ಜ. ಆಟಿಕೆ ತಯಾರಕರು ಅಂತಾನೇ ಬರುತ್ತೆ” ಎಂದರು. ನನ್ನ ಪಕ್ಕದಲ್ಲಿದ್ದವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಆಮೇಲೆ ಅಧಿಕಾರಿ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. “ಫೈಲಿಗೆ ಬೇಕು ಸಾರ್, ತಪ್ಪು ತಿಳ್ಕೋಬೇಡಿ. ಯೋಚಿಸಿದ್ದು, ಕಲಿಸಿದ್ದು ಇವರು. ಮಾಡಿದ್ದು ಆ ಹುಡುಗಿ. ಹಾಗಾದ್ರೆ ಇದ್ರಲ್ಲಿ ನಿಮ್ದು ಏನು ಅಂತ ಬರ್ಕೊಳ್ಳಲಿ?”

“ಏನೂ ಇಲ್ಲ” ಎಂದೆ.

“ಹಂಗನ್ಬೇಡಿ ಮೇಷ್ಟ್ರೇ” ಎಂದು ಅವರು ಪಕ್ಕದಿಂದ ತಡೆದರು. “ಆ ಮಗೂನ ನನ್ನ ಹತ್ರ ಕಳಿಸಿದ್ದು ಇವ್ರೇ ಸಾಮಿ. ಅದನ್ನ ಬರ್ಕೊಳ್ಳಿ.”

ಅಧಿಕಾರಿ ನಕ್ಕು ಬರೆಯಲು ಬಗ್ಗಿದರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. “ಇಸ್ಕೊಂಡು ಬಾ ಅಂತ ಕಳಿಸಿದ್ದೆ, ಕಲ್ತ್ಕೊಂಡು ಬಾ ಅಂತ ಅಲ್ಲ. ಅದನ್ನೂ ಸೇರಿಸಿ” ಎಂದೆ.

ಅವರು ಹಾಗೆಯೇ ಬರೆದರು. ನಾನು ಕೆಳಗೆ ಸಹಿ ಹಾಕಿದೆ.