ನನ್ನ ಗಾಡಿಯ ಸಪ್ಪಳ

ಎಪ್ಪತ್ತರ ದಶಕದಲ್ಲಿ ಔಷಧ ಕಂಪನಿಯ ಕೆಲಸದ ಮೇಲೆ ಬೈಲಹೊಂಗಲದಲ್ಲಿ ಕೋಣೆ ಹಿಡಿದು ಒಬ್ಬನೇ ಇದ್ದೆ. ಊಟ ಖಾನಾವಳಿಯಲ್ಲಿ, ಮಾತು ಅಂಗಡಿಗಳಲ್ಲಿ. ಮೋಟರ್ ಸೈಕಲ್ಲಿನ ಸೈಲೆನ್ಸರಿನ ಒಳಗಿನ ಕೊಳವೆ ತೆಗೆಸಿಬಿಟ್ಟಿದ್ದೆ. ಬಯಲು ದಾರಿಯಲ್ಲಿ ಆ ಅಬ್ಬರವೇ ನನಗೆ ಜೊತೆ. ಗಾಡಿ ನಿಲ್ಲಿಸಿದ ಮೇಲೂ ಅದು ಬಹಳ ಹೊತ್ತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಒಮ್ಮೆ ಸವದತ್ತಿಯಲ್ಲಿ ನಾನು ಗಾಡಿ ಇಳಿಯುತ್ತಿದ್ದಂತೆ ಔಷಧ ಅಂಗಡಿಯ ಮಾಲೀಕರು ಏನೋ ಹೇಳಿದರು. ‘ಗುಳಿಗಿ’ ಅಂದದ್ದಷ್ಟೇ ಕೇಳಿಸಿತು. ಅವರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡೆ.

“ಡಾಕ್ಟರನ್ನ ಕೇಳಿ ತಗೋರಿ” ಎಂದೆ.

ಅವರು ನನ್ನ ಮುಖ ನೋಡಿ, “ಆತು ಬಿಡ್ರಿ” ಎಂದರು.

ಮುಂದಿನ ಸಲ ಹೋದಾಗ, “ಈಗ ಆರಾಮೇನ್ರಿ?” ಎಂದು ವಿಚಾರಿಸಿದೆ.

“ನನಗೇನಾಗಿತ್ರಿ? ಮನ್ಯಾಗ ಹೋಳಿಗಿ ಮಾಡೇವಿ, ಉಣ್ಣಾಕ ಬರ್ರಿ ಅಂದಿದ್ದೆ. ನೀವು ಡಾಕ್ಟರನ್ನ ಕೇಳ್ರಿ ಅಂದ್ರಿ! ಪಾಪ, ಒಬ್ಬರ ಇರತಾರ, ಕರಕೊಂಡ ಬರ್ರಿ ಅಂತ ನಮ್ಮಾಕಿ ಹೇಳಿದ್ಲು. ಗಾಡಿ ಸಪ್ಪಳಕ್ಕ ನಿಮ್ಮ ಕಿವಿ ಹೊಂಟಾವ ನೋಡ್ರಿ.”

ಈ ಸೀಮೆಗೆ ಬಂದ ಮೇಲೆ ನನ್ನನ್ನು ಊಟಕ್ಕೆ ಕರೆದವರು ಅವರೊಬ್ಬರೇ. ನಗಲು ಹೋದೆ, ನಗು ಬರಲಿಲ್ಲ.

ಮರುದಿನವೇ ಸದ್ದಡಗಿಸುವ ಹೊಸ ಸೈಲೆನ್ಸರ್ ಹಾಕಿಸಿದೆ. ಕಿವಿ ಇನ್ನಷ್ಟು ಕೆಡದಿರಲೆಂದು ಅರಳೆ ಇಟ್ಟುಕೊಂಡು ರಾಮದುರ್ಗಕ್ಕೆ ಹೊರಟೆ. ದಾರಿಯಲ್ಲಿ ಯಾರೋ ಒಂದೇ ಸಮನೆ ಮಾತಾಡುವುದು ಕೇಳಿಸಿತು. ಗಾಡಿ ನಿಲ್ಲಿಸಿ ಹಿಂದೆ ನೋಡಿದೆ, ಯಾರೂ ಇರಲಿಲ್ಲ. ಮಾತಾಡುತ್ತಿದ್ದವನು ನಾನೇ. ಎಷ್ಟು ದಿನದಿಂದ ಹೀಗೆ ಗೊಣಗುತ್ತಿದ್ದೆನೋ ದೇವರೇ ಬಲ್ಲ. ಅಂತೂ ಕೇಳುವವನೊಬ್ಬ ಸಿಕ್ಕಿದ್ದ.