ಅವ್ವನ ಕೈಗುಣ

ರಂಗಂಪೇಟೆಯ ನಮ್ಮ ಶಾಲೆಯಲ್ಲಿ ಜೊತೆಗೆ ಪಾಠ ಮಾಡುವ ಶಿಕ್ಷಕಿಯೊಬ್ಬರು ಈಗಲೂ ಕೇಳುತ್ತಾರೆ: “ಫಾರಿನ್ ಅಂದ್ರ ಭಾಳ ಸ್ವಚ್ಛ ಇರ್ತದಲ್ರಿ ಮೇಡಂ?” ಸ್ವಚ್ಛ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೌದ್ರಿ, ಸ್ವಚ್ಛ ಇತ್ತು, ನೆಲದಲ್ಲಿ ಮುಖ ಕಾಣುವಷ್ಟು. ಆ ದೇಶದ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಿಗಾದರೂ ಹೋಗಬೇಕೆಂದು ಆಸೆಯಾದೀತು.

ಹೋದ ಬೇಸಿಗೆ ರಜೆಯಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಎರಡು ದೇಶ ಸುತ್ತಿ ಬರಲು ಹೊರಟಿದ್ದೆ. ದೋರನಹಳ್ಳಿಯಲ್ಲಿರುವ ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ನಮ್ಮದು ಬುದ್ಧನನ್ನು ನಂಬಿದ ಮನೆ. “ನೀ ಒಬ್ಬಾಕಿನೇ ಬುದ್ಧನ್ನ ನೋಡಿ ಬರ್ತೀ? ನಾ ಏನ್ ಪಾಪ ಮಾಡೀನಿ?” ಎಂದಳು. ಹರೆಯದಿಂದ ಹತ್ತಿಯ ಗಂಟು ಹೊತ್ತವಳಿಗೆ ಬೆನ್ನಿನ ಚೀಲ ಯಾವ ಲೆಕ್ಕ?

ಕೂಲಿಯ ಜೊತೆಗೆ ಆಕೆಗೆ ಇನ್ನೊಂದು ಕೆಲಸವಿತ್ತು. ನಮ್ಮ ಓಣಿಯಲ್ಲಿ ಯಾರು ಹಡೆದರೂ ಕೂಸಿಗೆ ಎರೆಯಲು ಅವ್ವನನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳೆಂದರೆ ಎಂಥ ಹಟಮಾರಿ ಕೂಸೂ ಕಣ್ಣು ಮುಚ್ಚುತ್ತಿತ್ತು. “ಆಕಿ ಕೈಗುಣ ಛಲೋ ಅದ” ಎನ್ನುತ್ತಿದ್ದರು. ಅವ್ವನಿಗಿದ್ದ ಜಂಬ ಅದೊಂದೇ.

ಮೊದಲು ಶ್ರೀಲಂಕಾಕ್ಕೆ ಹೋದೆವು. ಅಲ್ಲಿಯ ಬಸ್ಸಿನಲ್ಲಿ ನಮ್ಮ ಯಾದಗಿರಿ ಬಸ್ಸಿನದೇ ನೂಕುನುಗ್ಗಲು, ಅದೇ ಬೆವರು. ನಿಂತವರ ಕೂಸನ್ನು ಕೂತವರು ತೊಡೆಯ ಮೇಲೆ ಹಾಕಿಕೊಳ್ಳುವುದು ನಮ್ಮಲ್ಲಿ ಕೇಳಿ ಮಾಡುವ ಕೆಲಸವಲ್ಲ. ಅಲ್ಲೂ ಹಾಗೆಯೇ. ಅವ್ವ ಕೈ ಚಾಚಿದಳು, ಯಾವಳೋ ತಾಯಿ ಕೂಸನ್ನು ಕೊಟ್ಟು ನಿರಾಳವಾಗಿ ಕಂಬಿ ಹಿಡಿದು ನಿಂತಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. “ಇದೂ ನಮ್ಮೂರೇ ಅದ ತಗೋ” ಎಂದು ಅವ್ವ ನಕ್ಕಳು.

ಅಲ್ಲಿಂದ ವಿಮಾನ ಹತ್ತಿ ಆ ಇನ್ನೊಂದು ದೇಶಕ್ಕೆ ಇಳಿದೆವು. ರೈಲಿನಲ್ಲಿ ಪಿಟ್ಟೆನ್ನುವವರಿಲ್ಲ. ಎಲ್ಲರೂ ಫೋನಿನಲ್ಲಿ ಮುಖ ತುರುಕಿಕೊಂಡಿದ್ದರು. ಒಬ್ಬ ತಾಯಿ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಚೀಲ ಹಿಡಿದು ನಮ್ಮೆದುರು ತೂರಾಡುತ್ತ ನಿಂತಿದ್ದಳು. ಅವಳಿಗೆ ಜಾಗ ಬಿಡಲು ಒಬ್ಬನೂ ಏಳಲಿಲ್ಲ. ನಾನು ಏಳಬೇಕೆನ್ನುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ತಡೆಯಲಾಗಲಿಲ್ಲ. “ಕೊಡು ಯವ್ವಾ ಇತ್ತಾಗ, ಕೈ ನೋಯಾಕತ್ತಿರಬೇಕು” ಎಂದು ಎರಡೂ ಕೈ ಚಾಚಿ ಕೂಸಿನ ಬೆರಳು ಹಿಡಿದಳು.

ಆ ತಾಯಿ ಕಿರುಚಿಕೊಂಡು ಹಿಂದೆ ಸರಿದಳು. ಆಗ ಎಲ್ಲರ ತಲೆಗಳು ಮೇಲೆದ್ದವು, ಫೋನುಗಳೂ ನಮ್ಮ ಕಡೆ ತಿರುಗಿದವು. ಮುಂದಿನ ನಿಲ್ದಾಣದಲ್ಲಿ ಸಮವಸ್ತ್ರದವನೊಬ್ಬ ಹತ್ತಿ ಅವ್ವನನ್ನು ಎಬ್ಬಿಸಿ ನಿಲ್ಲಿಸಿದ. ಪರರ ಕೂಸಿಗೆ ಯಾಕೆ ಕೈ ಹಾಕಿದಳೆಂದು ನನ್ನನ್ನು ಕೇಳಿದ. ನನಗೆ ಬರುವ ಇಂಗ್ಲಿಷಿನಲ್ಲೆಲ್ಲ ಕೂಗಾಡಿದೆ. ದನಿ ತಗ್ಗಿಸು ಎಂದ. ಅಷ್ಟರಲ್ಲಿ ಆ ತಾಯಿ ಚೀಲದಿಂದ ಒದ್ದೆ ಕಾಗದ ತೆಗೆದು, ಅವ್ವ ಮುಟ್ಟಿದ್ದ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದಳು.

ಅವ್ವ ಸಮವಸ್ತ್ರದವನನ್ನು ನೋಡಲಿಲ್ಲ, ಆ ಒರೆಸುವುದನ್ನೇ ನೋಡುತ್ತಿದ್ದಳು. ಅದು ಆಕೆಗೆ ಹೊಸದಲ್ಲ. ಸಣ್ಣಾಕಿ ಇದ್ದಾಗ, ತಾನು ಕೂತೆದ್ದ ಕಟ್ಟೆಗೆ ನೀರು ಚೆಲ್ಲಿದವರನ್ನು ಕಂಡಿದ್ದಾಳೆ. ಅವರಿಗಾದರೂ ನಮ್ಮ ಜಾತಿ ಗೊತ್ತಿತ್ತು. ಈಕೆಗೆ ಏನು ಗೊತ್ತಿತ್ತು?

“ಸೋಂಕು ತಗಲ್ತದಂತ ಹೆದರ್ಯಾಳ್ರಿ, ಪಾಪ” ಎಂದು ನಮ್ಮ ಶಾಲೆಯ ಅದೇ ‘ಫಾರಿನ್ ಸ್ವಚ್ಛ’ ಎನ್ನುವ ಮೇಡಂ ನನಗೆ ಬುದ್ಧಿ ಹೇಳುತ್ತಾರೆ. ಇರಬಹುದು. ತಾಯಿ ಹೆದರಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅಷ್ಟು ಮಂದಿಗೆ ಜಾಗ ಬಿಡಲು ಕಾಲಿರಲಿಲ್ಲ, ಒಬ್ಬ ಮುದುಕಿಯ ವಿಡಿಯೋ ತೆಗೆಯಲು ಮಾತ್ರ ಕೈಯಿತ್ತು. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ನಮ್ಮನ್ನು ಬಿಟ್ಟು ಕಳಿಸಿದರು. ಆಮೇಲೆ ಅಲ್ಲಿದ್ದಷ್ಟು ದಿನ ಅವ್ವ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದಳು. ಕೇಳಿದರೆ, “ಥಂಡಿ ಅದ” ಎಂದಳು. ಊರು ಸೇರಿದರೆ ಎಲ್ಲ ಸರಿಹೋಗುತ್ತದೆಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಯಾದಗಿರಿಯಲ್ಲಿ ರೈಲು ಇಳಿದು ಸುರಪುರದ ಬಸ್ಸು ಹತ್ತಿದೆವು. ನೂಕಾಡಿ ಇಬ್ಬರಿಗೂ ಸೀಟು ಹಿಡಿದೆ. ಬಸ್ಸು ಹೊರಡುವಾಗ ಬಾಣಂತಿಯಂಥ ಹುಡುಗಿಯೊಬ್ಬಳು ಕೂಸನ್ನೆತ್ತಿಕೊಂಡು ಬಂದು ನಮ್ಮ ಪಕ್ಕದಲ್ಲೇ ನಿಂತಳು. ಅವ್ವ ಈಗ ಕೈ ಚಾಚುತ್ತಾಳೆ ಎಂದು ಕಾಯುತ್ತ ಕೂತೆ. ಅವ್ವ ಎದ್ದು ನಿಂತಳು.

“ಕೂಡು ಯವ್ವಾ.”

“ಅಯ್ಯ, ನೀವ್ಯಾಕ ಏಳ್ತೀರಿ ಯವ್ವಾ? ಕೂಡ್ರಿ. ಕೂಸಿನ್ನ ಒಂಚೂರು ಹಿಡ್ಕೋರಿ, ಅಷ್ಟ ಸಾಕು” ಎಂದು ಹುಡುಗಿ ಕೂಸನ್ನು ಮುಂದೆ ಹಿಡಿದಳು. ಕೂಸು ಅವ್ವನ ಎದೆಯ ಹತ್ತಿರವೇ ಕಾಲು ಬಡಿಯುತ್ತಿತ್ತು.

ಅವ್ವ ಎರಡೂ ಕೈಯಿಂದ ಮೇಲಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಬ್ಯಾಡವ್ವ. ನನ್ನ ಕೈಗುಣ ಛಲೋ ಇಲ್ಲ” ಎಂದಳು.

ಹುಡುಗಿ ಆ ಮಾತಿಗೆ ಬೆದರಿ ಕೂಸನ್ನು ಎದೆಗೆ ಅವಚಿಕೊಂಡು ಕೂತಳು. ಅವ್ವ ದೋರನಹಳ್ಳಿ ಬರುವ ತನಕ ನಿಂತೇ ಬಂದಳು.